ಪುಸ್ತಕವಿದೆ, ಕಪಾಟಿದೆ; ಗ್ರಂಥಪಾಲಕರು ಎಲ್ಲಿ?

(ಗ್ರಂಥಪಾಲಕರ ದಿನವಾದ ಆಗಸ್ಟ್ 12ರಂದು ಮುಂಬಯಿ ಉಪನಗರದ ಕನ್ನಡ ಸಂಘವೊಂದರಲ್ಲಿ ಮಾಡಿದ ಉಪನ್ಯಾಸ. ಬರಹಕ್ಕೆ ಇಳಿಸುವಾಗ ಕೆಲವು ಕಡೆ ವಿಸ್ತರಿಸಿದ್ದೇನೆ.)

ವೇದಿಕೆಯ ಮೇಲಿರುವ ಹಿರಿಯರಿಗೆ, ಎದುರಿಗೆ ಕುಳಿತಿರುವ ಸಂಘದ ಸದಸ್ಯರಿಗೆ ನಮಸ್ಕಾರ.

ಮುಂಬಯಿಯ ಕನ್ನಡ ಸಂಘಗಳಲ್ಲಿ ಪುಸ್ತಕಗಳಿಗೆ ಬರವಿಲ್ಲ. ಹಿರಿಯರೊಬ್ಬರು ತೀರಿಕೊಂಡರೆ ಅವರ ಮನೆಯ ಪುಸ್ತಕಗಳು ಸಂಘಕ್ಕೆ ಬರುತ್ತವೆ. ಮಕ್ಕಳು ವಿದೇಶದಲ್ಲಿ ನೆಲೆಸಿದರೆ ಬರುತ್ತವೆ. ಕಟ್ಟಡ ಪುನರ್ನಿರ್ಮಾಣಕ್ಕೆ ಹೋಗಿ ಬಾಡಿಗೆ ಮನೆಗೆ ಸಾಗಬೇಕಾದಾಗಲೂ ಮೊದಲು ಹೊರಗೆ ಬರುವುದು ಪುಸ್ತಕಗಳೇ. ಗೋಣಿಚೀಲದಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿ, ಹಳೆಯ ಸೂಟ್‌ಕೇಸಿನಲ್ಲಿ ಬಂದು ಸಂಘದ ಕೋಣೆಯ ಮೂಲೆ ಸೇರುತ್ತವೆ. ಕೊಟ್ಟವರಿಗೆ ಶಾಲು ಹೊದಿಸಿ ಫೋಟೊ ತೆಗೆಯುತ್ತೇವೆ. ಆಮೇಲೆ ಆ ಚೀಲವನ್ನು ಬಿಚ್ಚುವವರು ಯಾರು? ಪುಸ್ತಕಕ್ಕೆ ಸಂಖ್ಯೆ ಹಾಕುವವರು ಯಾರು? ಸಂಜೆ ಆರು ಗಂಟೆಗೆ ಬೀಗ ತೆಗೆಯುವವರು ಯಾರು? ಇವತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಗಳ ಸುತ್ತಲೇ ಇದೆ.

ನಾನು ನೌಕರಿಯುದ್ದಕ್ಕೂ ಈ ನಗರದಲ್ಲಿ ಕಾಲೇಜು ಗ್ರಂಥಪಾಲಕ ವೃತ್ತಿಯಲ್ಲಿದ್ದು ನಿವೃತ್ತಿ ಹೊಂದಿದವರಲ್ಲಿ ಒಬ್ಬ. ಆ ಅನುಭವದ ಬಲದಿಂದ ಹೇಳುತ್ತೇನೆ: ಗ್ರಂಥಾಲಯ ನಡೆಯಬೇಕಾದರೆ ಅದನ್ನೇ ತನ್ನ ಕೆಲಸವೆಂದು ತಿಳಿದ ಒಬ್ಬರು ಬೇಕು. ಆ ಒಬ್ಬರು ಹತ್ತು ವರ್ಷ ಉಳಿಯಬೇಕಾದರೆ ಅದೇ ಕೆಲಸ ಮಾಡುವ ಇನ್ನೂ ಹತ್ತು ಮಂದಿಯ ಒಡನಾಟ ಬೇಕು. ಗ್ರಂಥಪಾಲಕರ ಸಂಘಗಳು ಹುಟ್ಟಿಕೊಂಡದ್ದು ಈ ಅಗತ್ಯದಿಂದಲೇ. ನಮ್ಮ ಕನ್ನಡ ಸಂಘಗಳ ಪುಸ್ತಕ ವಿಭಾಗಗಳು ಸೊರಗಿರುವುದಕ್ಕೆ ಮುಖ್ಯ ಕಾರಣ, ಅವು ಆ ಒಡನಾಟದಿಂದ ಪೂರ್ತಿ ಹೊರಗೆ ಉಳಿದಿರುವುದು.

ಸ್ವಲ್ಪ ಹಿಂದಕ್ಕೆ ಹೋಗೋಣ. ಭಾರತದಲ್ಲಿ ಊರೂರಿಗೆ ಗ್ರಂಥಾಲಯ ಎಂಬ ಯೋಚನೆಗೆ ದೊಡ್ಡ ಪ್ರಮಾಣದಲ್ಲಿ ರೂಪ ಕೊಟ್ಟದ್ದು ಬರೋಡ ಸಂಸ್ಥಾನ. ಮೂರನೇ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿಕೊಂಡರು. ಹಳ್ಳಿ ಹಳ್ಳಿಗೆ ಪೆಟ್ಟಿಗೆಯಲ್ಲಿ ಪುಸ್ತಕ ಕಳುಹಿಸುವ ಸಂಚಾರಿ ಗ್ರಂಥಾಲಯಗಳು ಅಲ್ಲಿ ನಡೆದವು. ಅದರ ಜೊತೆಗೇ ಗ್ರಂಥಪಾಲಕರಿಗೆ ತರಬೇತಿ ತರಗತಿ ಶುರುವಾಯಿತು, ಗ್ರಂಥಾಲಯ ವೃತ್ತಿಗೆಂದೇ ಒಂದು ಪತ್ರಿಕೆಯೂ ಬಂತು. ದೊರೆಗೆ ಹಣವಿತ್ತು, ಬರೀ ಪುಸ್ತಕ ಕೊಂಡು ಹಂಚಿ ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ ಮನುಷ್ಯರನ್ನು ತಯಾರು ಮಾಡುವುದಕ್ಕೂ ಅಷ್ಟೇ ಗಮನ ಕೊಟ್ಟರು. ನನಗೆ ಅವರ ಮೇಲೆ ಗೌರವ ಇರುವುದು ಈ ಕಾರಣಕ್ಕೆ.

1914ರಲ್ಲಿ ಆಂಧ್ರದವರು ತಮ್ಮ ಗ್ರಂಥಾಲಯ ಸಂಘ ಕಟ್ಟಿಕೊಂಡರು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದದ್ದು ನಮಗೆಲ್ಲ ಗೊತ್ತು. ಅದೇ ಬೆಳಗಾವಿಯಲ್ಲಿ, ಅದೇ ವರ್ಷ ಅಖಿಲ ಭಾರತ ಸಾರ್ವಜನಿಕ ಗ್ರಂಥಾಲಯ ಸಮ್ಮೇಳನವೂ ನಡೆಯಿತು; ದೇಶಬಂಧು ಚಿತ್ತರಂಜನ ದಾಸರು ಅಧ್ಯಕ್ಷರಾಗಿದ್ದರು. ಪ್ರಾಂತ ಪ್ರಾಂತಗಳಲ್ಲೂ ಗ್ರಂಥಾಲಯ ಸಂಘ ಇರಬೇಕೆಂಬ ಮಾತಿಗೆ ಅಲ್ಲಿ ಬಲ ಬಂತು. ಮರುವರ್ಷವೇ ಬಂಗಾಳದಲ್ಲಿ ಸಂಘ ಹುಟ್ಟಿತು, ರವೀಂದ್ರನಾಥ ಠಾಕೂರರು ಅದರ ಮೊದಲ ಅಧ್ಯಕ್ಷರಾದರು. ಕನ್ನಡ ನೆಲದಲ್ಲಿ ಆಡಿದ ಮಾತು ಬಂಗಾಳದಲ್ಲಿ ಸಂಸ್ಥೆಯಾಯಿತು. ಬೆಳಗಾವಿಯ ಅಧಿವೇಶನದ ಬಗ್ಗೆ ಅಷ್ಟೊಂದು ಮಾತನಾಡುವ ನಾವು ಈ ಸಮ್ಮೇಳನವನ್ನು ನೆನೆಯುವುದು ತೀರ ಕಡಿಮೆ. 1933ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಗ್ರಂಥಾಲಯ ಸಂಘ ಸ್ಥಾಪನೆಯಾಯಿತು.

ಇನ್ನು ಮುಂಬಯಿಗೂ ಕನ್ನಡಕ್ಕೂ ಇರುವ ನೇರ ಸಂಬಂಧ. 1939ರಲ್ಲಿ ಮುಂಬಯಿ ಪ್ರಾಂತದ ಸರ್ಕಾರ ಎ.ಎ.ಎ. ಫೈಜಿ ಅವರ ಅಧ್ಯಕ್ಷತೆಯಲ್ಲಿ ಗ್ರಂಥಾಲಯ ಅಭಿವೃದ್ಧಿ ಸಮಿತಿ ನೇಮಿಸಿತು. ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಎಲ್ಲವೂ ಈ ಪ್ರಾಂತದಲ್ಲಿದ್ದವು. ಸಮಿತಿ ಹೇಳಿದ್ದು ಇಷ್ಟು: ಮುಂಬಯಿಯಲ್ಲಿ ಒಂದು ಕೇಂದ್ರ ಗ್ರಂಥಾಲಯ, ಅದರ ಕೆಳಗೆ ಮರಾಠಿಗೆ ಪುಣೆಯಲ್ಲಿ, ಗುಜರಾತಿಗೆ ಅಹಮದಾಬಾದಿನಲ್ಲಿ, ಕನ್ನಡಕ್ಕೆ ಧಾರವಾಡದಲ್ಲಿ ಪ್ರಾದೇಶಿಕ ಗ್ರಂಥಾಲಯಗಳು, ಅವುಗಳ ಕೆಳಗೆ ಜಿಲ್ಲೆ, ತಾಲ್ಲೂಕು, ಹಳ್ಳಿ. ಕೇಂದ್ರ ಗ್ರಂಥಾಲಯಕ್ಕೆ ನೆಲೆ ಸಿಕ್ಕಿದ್ದು ಫೋರ್ಟಿನ ಟೌನ್ ಹಾಲ್‌ನಲ್ಲಿರುವ ಏಷಿಯಾಟಿಕ್ ಸೊಸೈಟಿಯ ಆಶ್ರಯದಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು. ಅದು ಆಗಬೇಕಾದದ್ದೇ. ಆದರೆ ಮುಂಬಯಿಯಲ್ಲಿ ಉಳಿದ ಕನ್ನಡ ಓದುಗನಿಗೆ ಆ ಏರ್ಪಾಡಿನಲ್ಲಿ ಇದ್ದ ಜಾಗ ಅಂದಿಗೆ ಹೋಯಿತು.

ಹಾಗೆಂದು ಓದು ನಿಲ್ಲಲಿಲ್ಲ. ಹಗಲು ಉಡುಪಿ ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಕಲಿತ ತಲೆಮಾರು ಈ ಊರಿನ ಕನ್ನಡದ ಬೆನ್ನೆಲುಬು. ಅವರ ಕೈಯಲ್ಲಿ ಪುಸ್ತಕ ಕೊಳ್ಳುವಷ್ಟು ಹಣ ಇರಲಿಲ್ಲ. ಓದುವ ಹಸಿವು ಇತ್ತು. ಜಾತಿ ಸಂಘ, ಜಿಲ್ಲಾ ಸಂಘ, ಕನ್ನಡ ಸಂಘ ಯಾವುದೇ ಆಗಲಿ, ಶುರುವಿನಲ್ಲೇ ಒಂದು ವಾಚನಾಲಯ ಇಟ್ಟುಕೊಳ್ಳುತ್ತಿದ್ದದ್ದು ಅದಕ್ಕಾಗಿ. ಈ ವಾಚನಾಲಯಗಳನ್ನು ನಡೆಸಿದವರು ಸಂಬಳವಿಲ್ಲದ ಸ್ವಯಂಸೇವಕರು. ಅವರ ಋಣ ದೊಡ್ಡದು. ಆದರೆ ಸ್ವಯಂಸೇವಕರಿಗೆ ವಯಸ್ಸಾಗುತ್ತದೆ, ಮನೆ ಡೊಂಬಿವಲಿಗೋ ವಿರಾರಿಗೋ ಹೋಗುತ್ತದೆ, ಮೊಣಕಾಲು ನೋಯುತ್ತದೆ. ಅವರ ನಂತರ ಬರುವವರಿಗೆ ಏನು ಎಲ್ಲಿದೆ ಎಂದು ಹೇಳುವ ಒಂದು ವಹಿಯೂ ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ ನೋಡಿ. ಸ್ವಾತಂತ್ರ್ಯದ ನಂತರದ ಮೊದಲ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1948ರ ಮದರಾಸಿನದು. ಅದರ ಹಿಂದೆ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರೂ ಅವರ ಮದರಾಸು ಗ್ರಂಥಾಲಯ ಸಂಘವೂ ಇತ್ತು. ಕರ್ನಾಟಕದ ಕಾಯ್ದೆ 1965ರದು, ಮಹಾರಾಷ್ಟ್ರದ್ದು 1967, ಗೋವಾದ್ದು 1993. ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಇದೆ. ಅಲ್ಲಿ ಗ್ರಂಥಾಲಯ ಎಂದರೆ ಬಹುಮಟ್ಟಿಗೆ ಸರ್ಕಾರದ್ದೇ. ಮಹಾರಾಷ್ಟ್ರದ ದಾರಿ ಬೇರೆ. ಇಲ್ಲಿ ಕರ ಇಲ್ಲ. ಜನರೇ ಕಟ್ಟಿ ನಡೆಸುವ ಗ್ರಂಥಾಲಯಕ್ಕೆ ಸರ್ಕಾರ ಮಾನ್ಯತೆ ಕೊಟ್ಟು, ಅ, ಬ, ಕ, ಡ ಎಂದು ವರ್ಗ ಮಾಡಿ, ಅದಕ್ಕೆ ತಕ್ಕಂತೆ ವಾರ್ಷಿಕ ಅನುದಾನ ಕೊಡುತ್ತದೆ. ರಾಜ್ಯದಲ್ಲಿ ಇಂಥ ಗ್ರಂಥಾಲಯಗಳ ಸಂಖ್ಯೆ ಹತ್ತು ಸಾವಿರವನ್ನು ಮೀರುತ್ತದೆ. ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದು, ದಾದರಿನ ಮುಂಬಯಿ ಮರಾಠಿ ಗ್ರಂಥ ಸಂಗ್ರಹಾಲಯ 1898ರದು. ಪುಣೆಯ ನಗರ ವಾಚನ ಮಂದಿರದ ಮೂಲ ಇನ್ನೂ ಹಿಂದಕ್ಕೆ, 1848ಕ್ಕೆ ಹೋಗುತ್ತದೆ. ಪಣಜಿಯಲ್ಲಿ ಪೋರ್ಚುಗೀಸರ ಕಾಲದಲ್ಲಿ, 1832ರಲ್ಲಿ ತೆರೆದ ಗ್ರಂಥಾಲಯವೇ ಇವತ್ತು ಕೃಷ್ಣದಾಸ ಶಾಮಾ ಹೆಸರಿನ ಗೋವಾ ರಾಜ್ಯ ಕೇಂದ್ರ ಗ್ರಂಥಾಲಯ. ಸರ್ಕಾರಗಳು ಬದಲಾದವು, ಆಳುವ ಭಾಷೆ ಬದಲಾಯಿತು, ಗ್ರಂಥಾಲಯ ಉಳಿಯಿತು.

ಮಹಾರಾಷ್ಟ್ರದ ಕಾಯ್ದೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ರಾಜ್ಯ, ವಿಭಾಗ, ಜಿಲ್ಲೆ ಮೂರೂ ಮಟ್ಟದಲ್ಲಿ ಗ್ರಂಥಾಲಯ ಸಂಘಗಳಿಗೆ ಮಾನ್ಯತೆ ಕೊಡಲು ಅದರಲ್ಲೇ ಅವಕಾಶವಿದೆ. ಜಿಲ್ಲಾ ಗ್ರಂಥಾಲಯ ಸಂಘಗಳು ಸಣ್ಣ ಊರಿನ ಗ್ರಂಥಪಾಲಕರಿಗಾಗಿ ಪ್ರಮಾಣಪತ್ರ ತರಗತಿಗಳನ್ನು ನಡೆಸುತ್ತವೆ. ಪದವಿ ಬೇಕಿಲ್ಲ, ದಾಖಲಾತಿ, ವರ್ಗೀಕರಣ, ಸೂಚಿ (ಕ್ಯಾಟಲಾಗ್) ತಯಾರಿಕೆ, ಲೆಕ್ಕಪತ್ರ ಇಷ್ಟನ್ನು ಕೈಹಿಡಿದು ಕಲಿಸುತ್ತಾರೆ. ಅಲ್ಲಿ ಕಲಿತವರೇ ಈ ರಾಜ್ಯದ ಸಾವಿರಾರು ಹಳ್ಳಿ ಗ್ರಂಥಾಲಯಗಳನ್ನು ನಡೆಸುತ್ತಿದ್ದಾರೆ. ಆ ತರಗತಿಗೆ ನಮ್ಮ ಕನ್ನಡ ಸಂಘದಿಂದ ಹೋದವರು ಎಷ್ಟು ಜನ? ನೀವೇ ಹೇಳಿ.

ಗ್ರಂಥಪಾಲಕರ ಸಂಘ ಎಂದರೆ ವರ್ಷಕ್ಕೊಂದು ಸಮ್ಮೇಳನ, ಹಾರ, ತುರಾಯಿ, ಠರಾವು ಎಂದು ಭಾವಿಸುವವರಿದ್ದಾರೆ. ಅದು ನಿಜವಾಗಿ ಒದಗುವುದು ಕಷ್ಟ ಬಂದಾಗ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ನಾನು ಕೆಲಸ ಮಾಡುತ್ತಿದ್ದ ಕಾಲೇಜಿನ ಪುಸ್ತಕ ದಾಸ್ತಾನು ನೆಲಮಹಡಿಯಲ್ಲಿತ್ತು. ಮೂರನೆಯ ದಿನ ಬಾಗಿಲು ತೆರೆದಾಗ ಕೆಳಗಿನ ಎರಡು ಸಾಲು ಪುಸ್ತಕಗಳು ನೀರು ಕುಡಿದು ಉಬ್ಬಿ, ಕಪಾಟಿನಿಂದ ಎಳೆಯಲು ಬಾರದಷ್ಟು ಬಿಗಿದು ನಿಂತಿದ್ದವು. ಜವಾನರು ಒಳ್ಳೆಯ ಮನಸ್ಸಿನಿಂದಲೇ ಎಲ್ಲವನ್ನೂ ಗಚ್ಚಿಯ ಮೇಲೆ ಬಿಸಿಲಿಗೆ ಹಾಕೋಣ ಎಂದರು. ಆ ಹೊತ್ತಿಗೆ ನಾನು ಫೋನ್ ಮಾಡಿದ್ದು ನಮ್ಮ ಗ್ರಂಥಪಾಲಕರ ಸಂಘದ ತಿಂಗಳ ಸಭೆಗಳಲ್ಲಿ ಪರಿಚಯವಾಗಿದ್ದ ಒಬ್ಬ ಹಿರಿಯ ಗ್ರಂಥಪಾಲಕಿಗೆ.

ಅವರು ಒಂದೊಂದಾಗಿ ಹೇಳಿದರು, ನಾನು ಬರೆದುಕೊಂಡೆ. ಬಿಸಿಲಿಗೆ ಹಾಕಬೇಡಿ, ರಟ್ಟು ಸೊಟ್ಟಗಾಗಿ ಹಾಳೆ ಸೆಟೆದುಕೊಳ್ಳುತ್ತದೆ. ಅಂಟಿಕೊಂಡ ಹಾಳೆಗಳನ್ನು ಈಗಲೇ ಬಿಡಿಸಬೇಡಿ. ಕೆಸರು ಹತ್ತಿದ್ದರೆ ಪುಸ್ತಕವನ್ನು ಮುಚ್ಚಿ ಹಿಡಿದು ಚೊಕ್ಕ ನೀರಿನಲ್ಲಿ ಹೊರಗಿನಿಂದ ಮಾತ್ರ ತೊಳೆಯಿರಿ. ನಿಲ್ಲಿಸಿ, ಹಾಳೆಗಳನ್ನು ಬೀಸಣಿಗೆಯಂತೆ ಸ್ವಲ್ಪವೇ ಅಗಲಿಸಿ, ಇಪ್ಪತ್ತು ಇಪ್ಪತ್ತೈದು ಹಾಳೆಗೊಂದರಂತೆ ಮುದ್ರಣವಿಲ್ಲದ ನ್ಯೂಸ್‌ಪ್ರಿಂಟ್ ಇಡಿ, ಒದ್ದೆಯಾದ ಹಾಗೆ ಬದಲಿಸುತ್ತಾ ಹೋಗಿ. ಫ್ಯಾನ್ ಹಾಕಿ, ಆದರೆ ಗಾಳಿ ನೇರವಾಗಿ ಪುಸ್ತಕಕ್ಕೆ ಬಡಿಯದಿರಲಿ. ನುಣುಪು ಕಾಗದದ ಚಿತ್ರಪುಸ್ತಕಗಳು ಒಣಗಿದರೆ ಇಟ್ಟಿಗೆಯಾಗುತ್ತವೆ, ಅವನ್ನು ಮೊದಲು ಕೈಗೆತ್ತಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ನೋಡಿಕೊಳ್ಳಲು ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಯಾರದಾದರೂ ಡೀಪ್ ಫ್ರೀಜರ್‌ನಲ್ಲಿ ಇಡಿಸಿ, ಬೂಷ್ಟು ಹಿಡಿಯುವುದು ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ಒಣಗಿಸಬಹುದು. ಮತ್ತೆ, ಬಂದ ಪ್ರತಿ ಪುಸ್ತಕವನ್ನೂ ಸಂಖ್ಯೆ ಹಾಕಿ ಬರೆದಿಡುವ ದಾಖಲಾತಿ ವಹಿ ಎಲ್ಲಿದೆ ಎಂದು ಕೇಳಿದರು. ಮೇಲಿನ ಮಹಡಿಯಲ್ಲಿದೆ ಎಂದೆ. ಹಾಗಾದರೆ ಏನು ಹೋಯಿತು ಎಂಬುದಾದರೂ ತಿಳಿಯುತ್ತದೆ ಎಂದರು.

ಬಹುಪಾಲು ಪುಸ್ತಕ ಉಳಿದವು. ಅದೇ ವಾರ ಅದೇ ಪರಿಸರದಲ್ಲಿ, ಯಾರನ್ನು ಕೇಳಬೇಕೆಂದು ತಿಳಿಯದೆ ಹಲವು ಸಣ್ಣ ವಾಚನಾಲಯಗಳು ತಮ್ಮ ಸಂಗ್ರಹವನ್ನು ರದ್ದಿಯವನಿಗೆ ತೂಕಕ್ಕೆ ಕೊಟ್ಟವು. ಅವುಗಳಲ್ಲಿ ಕನ್ನಡದ್ದೂ ಇತ್ತು. ಆ ನೋವು ನನಗೆ ಇನ್ನೂ ಇದೆ. ಮುಂಬಯಿಯ ಮಳೆಗಾಲ ಎಂದರೆ ಪ್ರತಿವರ್ಷ ನಾಲ್ಕು ತಿಂಗಳು ಪುಸ್ತಕಕ್ಕೆ ಪರೀಕ್ಷೆ. ಗೋಡೆಗೆ ತಾಗಿಸಿ ಕಪಾಟು ಇಡಬಾರದು ಎಂಬಷ್ಟು ಸಣ್ಣ ತಿಳಿವಳಿಕೆಯೂ ಒಬ್ಬರಿಂದ ಒಬ್ಬರಿಗೆ ದಾಟಬೇಕು.

ಇನ್ನೊಂದು ಕೆಲಸ, ಸೂಚಿ ತಯಾರಿಸುವುದು. ಇದು ಹೊರಗಿನವರಿಗೆ ಕಾಣದ ಕೆಲಸ, ಕನ್ನಡದಲ್ಲಿ ತುಸು ಹೆಚ್ಚೇ ತೊಡಕಿನದು. ಕುವೆಂಪು ಎಂದು ಒಂದು ಪುಸ್ತಕದ ಮೇಲೆ, ಕೆ.ವಿ. ಪುಟ್ಟಪ್ಪ ಎಂದು ಇನ್ನೊಂದರ ಮೇಲೆ. ಅಂಬಿಕಾತನಯದತ್ತ ಎಂದು ಹುಡುಕಿದವನಿಗೆ ದ.ರಾ. ಬೇಂದ್ರೆಯವರ ಎಲ್ಲ ಪುಸ್ತಕವೂ ಸಿಗಬೇಕು. ಹೆಸರಿನ ಮುಂದೆ ಊರು, ತಂದೆಯ ಹೆಸರು, ಮನೆತನ ಎಲ್ಲ ಇನಿಶಿಯಲ್ ಆಗಿ ಕುಳಿತಿರುತ್ತವೆ. ಯಾವುದನ್ನು ಮುಖ್ಯ ನಮೂದಾಗಿ ಇಡಬೇಕು, ಯಾವುದರಿಂದ ಯಾವುದಕ್ಕೆ 'ನೋಡಿ' ಎಂದು ಸೂಚಿಸಬೇಕು ಎಂಬುದನ್ನು ಒಬ್ಬೊಬ್ಬರು ಒಂದೊಂದು ಥರ ತೀರ್ಮಾನಿಸಿದರೆ ಒಂದು ಸಂಘದ ಪಟ್ಟಿ ಇನ್ನೊಂದಕ್ಕೆ ಉಪಯೋಗವಾಗುವುದಿಲ್ಲ. ಕೂತು ಮಾತನಾಡಿ ಒಪ್ಪಿಕೊಂಡರೆ ಒಬ್ಬರು ಮಾಡಿದ ಕೆಲಸ ಹತ್ತು ಸಂಘಗಳಿಗೆ ಸಲ್ಲುತ್ತದೆ. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಮರಾಠಿ ಸಾಹಿತ್ಯ 891.46, ಕನ್ನಡ ಸಾಹಿತ್ಯ 894.814. ಈ ಊರಿನ ಯಾವುದೇ ದೊಡ್ಡ ಗ್ರಂಥಾಲಯದಲ್ಲಿ ಈ ಎರಡು ಸಂಖ್ಯೆಗಳ ನಡುವೆ ನಾಲ್ಕು ಹೆಜ್ಜೆ ಅಂತರ. ಮರಾಠಿ ಗ್ರಂಥಪಾಲಕರು ಕನ್ನಡ ಪುಸ್ತಕದ ಬೆನ್ನಿನ ಮೇಲೆ ಸಂಖ್ಯೆ ಬರೆಯಲು ನಮ್ಮಂಥವರನ್ನು ಹುಡುಕಿಕೊಂಡು ಬಂದದ್ದುಂಟು. ಗ್ರಂಥಪಾಲಕರ ಸಂಘದ ಸಭೆಗಳಿಗೆ ಹೋಗುತ್ತಿದ್ದ ಕಾರಣಕ್ಕೆ ಅವರಿಗೆ ನಾವು ಸಿಕ್ಕಿದೆವು.

ಈ ಸೂಚಿಯನ್ನು ಕಂಪ್ಯೂಟರಿಗೆ ಏರಿಸುವ ತಂತ್ರಾಂಶದ ಚಿಂತೆ ಬೇಡ. ಕೇಂದ್ರ ಸರ್ಕಾರದ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಸಂಸ್ಥೆ ಸಿದ್ಧಪಡಿಸಿದ ಇ-ಗ್ರಂಥಾಲಯ ಇದೆ, ಮುಕ್ತ ತಂತ್ರಾಂಶವಾದ ಕೋಹಾ ಇದೆ. ಎರಡಕ್ಕೂ ಕನ್ನಡ ಯೂನಿಕೋಡ್ ಬರುತ್ತದೆ.

ಈಗ ಸಂಬಳದ ಮಾತು. ಗ್ರಂಥಾಲಯದ ಬಗ್ಗೆ ಭಾಷಣ ಮಾಡುವವರು ಸಾಮಾನ್ಯವಾಗಿ ಇದನ್ನು ಮುಟ್ಟುವುದಿಲ್ಲ, ನಾನು ಮುಟ್ಟಲೇಬೇಕು. ಮಹಾರಾಷ್ಟ್ರದ ಸಣ್ಣ ವರ್ಗದ ಗ್ರಂಥಾಲಯಗಳಲ್ಲಿ ಕೆಲಸ ಮಾಡುವವರಿಗೆ ಕೈಗೆ ಬರುವುದು ಸಂಬಳ ಎನ್ನಲಾಗದಷ್ಟು ಅಲ್ಪ. ಅನುದಾನ ಹತ್ತಿರ ಹತ್ತಿರ ಹತ್ತು ವರ್ಷ ನಿಂತಲ್ಲೇ ನಿಂತಿತ್ತು. 2022ರಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ಶೇಕಡಾ 60ರಷ್ಟು ಹೆಚ್ಚಿಸಿತು. ಅದು ತಾನಾಗಿ ಆದದ್ದಲ್ಲ. ಗ್ರಂಥಾಲಯ ಸಂಘಗಳು, ನೌಕರರು ವರ್ಷಗಟ್ಟಲೆ ಮನವಿ ಕೊಟ್ಟು, ಧರಣಿ ಕೂತು ಪಡೆದದ್ದು. ವೇತನಶ್ರೇಣಿ ಬೇಕೆಂಬ ಬೇಡಿಕೆ ಇನ್ನೂ ಮುಗಿದಿಲ್ಲ. ಕರ್ನಾಟಕದಲ್ಲೂ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರು ಬಹುಕಾಲ ಪುಡಿ ಗೌರವಧನದಲ್ಲಿ ದುಡಿದರು. 2019ರಲ್ಲಿ ಆ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಈಗ ಅರಿವು ಕೇಂದ್ರ ಎಂಬ ಹೆಸರಿನಲ್ಲಿ ಹೊಸ ಕಳೆ ಪಡೆದಿವೆ. ಅಲ್ಲಿಯೂ ಮೇಲ್ವಿಚಾರಕರು ಒಗ್ಗೂಡಿ ಕೇಳುತ್ತಾ ಬಂದಿರುವುದರಿಂದಲೇ ಅವರ ಪಾಡು ಚರ್ಚೆಗೆ ಬಂತು. ಊರಿಗೆಲ್ಲ ಓದಿಸುವ ಮನುಷ್ಯ ತನ್ನ ಮಗುವಿನ ಶಾಲೆಯ ಫೀಸು ಕಟ್ಟಲು ಸಾಲ ಮಾಡುವ ಸ್ಥಿತಿ ಇರಬಾರದು. ಇದನ್ನು ಒಬ್ಬರೇ ನಿಂತು ಕೇಳಲು ಆಗುವುದಿಲ್ಲ.

ಹಾಗಾದರೆ ನಾವು ಮಾಡಬೇಕಾದದ್ದೇನು? ಕೆಲವರು ಹೇಳುತ್ತಾರೆ, ಇದು ಮಹಾರಾಷ್ಟ್ರದ ಕಾಯ್ದೆ, ನಮಗೇನು ಸಿಗುತ್ತದೆ ಎಂದು. ಆ ಕಾಯ್ದೆ ನೋಡುವುದು ಸಂಸ್ಥೆ ನೋಂದಣಿಯಾಗಿದೆಯೇ, ಎಲ್ಲರಿಗೂ ತೆರೆದಿದೆಯೇ, ಪುಸ್ತಕ ಎಷ್ಟು, ಸದಸ್ಯರು ಎಷ್ಟು, ದಿನಕ್ಕೆ ಎಷ್ಟು ಹೊತ್ತು ಬಾಗಿಲು ತೆರೆದಿರುತ್ತದೆ, ಲೆಕ್ಕ ತಪಾಸಣೆ ಆಗಿದೆಯೇ ಎಂಬುದನ್ನು. ಮುಂಬಯಿಯ ಗುಜರಾತಿಗಳೂ ಪಾರ್ಸಿಗಳೂ ತಮ್ಮ ಗ್ರಂಥಾಲಯಗಳನ್ನು ನೂರು ವರ್ಷಕ್ಕೂ ಮೀರಿ ಉಳಿಸಿಕೊಂಡು ಬಂದಿದ್ದಾರೆ. ಮಾನ್ಯತೆ ಬೇಗ ಸಿಗುತ್ತದೆಂದು ನಾನು ಆಸೆ ಹುಟ್ಟಿಸುವುದಿಲ್ಲ. ಸಿಗಲಿ ಬಿಡಲಿ, ಅದಕ್ಕೆ ಬೇಕಾದ ವಹಿ, ಪಟ್ಟಿ, ಸಮಯಪಾಲನೆ ನಮಗೇ ಬೇಕು. ಕೋಲ್ಕತ್ತದಲ್ಲಿ 1972ರಲ್ಲಿ ಸ್ಥಾಪನೆಯಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ ಸ್ವಯಂಸೇವಾ ಸಂಸ್ಥೆಗಳ ಗ್ರಂಥಾಲಯಗಳಿಗೂ ನೆರವು ಕೊಡುತ್ತದೆ. ಅಲ್ಲಿಗೆ ಅರ್ಜಿ ಹಾಕುವಾಗಲೂ ಕೇಳುವುದು ಇದೇ ಕಾಗದಪತ್ರ.

ಕರ್ನಾಟಕ ಸರ್ಕಾರದ ಗ್ರಂಥಾಲಯ ಇಲಾಖೆ ಸಗಟು ಖರೀದಿಯಲ್ಲಿ ಕನ್ನಡ ಪುಸ್ತಕ ಕೊಳ್ಳುತ್ತದೆ. ಆ ಪ್ರತಿಗಳಲ್ಲಿ ಒಂದು ಪಾಲು ಹೊರನಾಡ ಕನ್ನಡ ಗ್ರಂಥಾಲಯಗಳಿಗೂ ಬರಲಿ ಎಂದು ಕೇಳುವ ಹಕ್ಕು ನಮಗಿದೆ. ಆದರೆ ಇಂಥ ಕಪಾಟಿನಲ್ಲಿ, ಇಂಥ ಸಮಯದಲ್ಲಿ, ಇಷ್ಟು ಓದುಗರಿಗೆ ಕೊಡುತ್ತೇವೆ ಎಂದು ತೋರಿಸಲಾಗದವರ ಮಾತಿಗೆ ತೂಕ ಇರುವುದಿಲ್ಲ.

ಓದುಗರೇ ಇಲ್ಲವಲ್ಲ ಎನ್ನುವ ಮಾತು ಬರುತ್ತದೆ. ಕಾಳಾಘೋಡದ ಡೇವಿಡ್ ಸಾಸೂನ್ ಗ್ರಂಥಾಲಯದ ಹಿತ್ತಲ ತೋಟಕ್ಕೆ ಒಮ್ಮೆ ಹೋಗಿ ನೋಡಿ. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಕುರ್ಚಿ ಹಿಡಿದು ಕುಳಿತಿರುತ್ತಾರೆ. ಈ ಊರಿನಲ್ಲಿ ಒಂದು ಕೋಣೆಯ ಮನೆಯಲ್ಲಿ ಐದು ಜನ ಇರುತ್ತಾರೆ, ಟಿವಿ ಓಡುತ್ತಿರುತ್ತದೆ. ಮಕ್ಕಳಿಗೆ ಬೇಕಾಗಿರುವುದು ಒಂದು ಮೇಜು, ಒಂದು ದೀಪ, ಮೂರು ಗಂಟೆಯ ನಿಶ್ಶಬ್ದ. ನಮ್ಮ ಸಂಘದ ಕೋಣೆ ವಾರದಲ್ಲಿ ಐದು ಸಂಜೆ ಖಾಲಿ ಬಿದ್ದಿರುತ್ತದೆ. ಅದನ್ನು ಅಭ್ಯಾಸಿಕೆಯಾಗಿ, ಅಂದರೆ ಕೂತು ಓದುವ ಕೋಣೆಯಾಗಿ ತೆರೆಯೋಣ. ಬರುವವರು ಮರಾಠಿ ಮಾಧ್ಯಮದವರಿರಲಿ, ಕನ್ನಡ ಓದಲು ಬಾರದ ನಮ್ಮ ಮನೆಯ ಮಕ್ಕಳೇ ಇರಲಿ, ಕೈಯಲ್ಲಿ ಬ್ಯಾಂಕ್ ಪರೀಕ್ಷೆಯ ಗೈಡ್ ಇರಲಿ. ಸುತ್ತ ಕನ್ನಡ ಪುಸ್ತಕ ಇರುವ ಕೋಣೆಗೆ ದಿನವೂ ಬರುವ ಮಗು ಒಂದು ದಿನ ಅದರಲ್ಲೊಂದನ್ನು ಕೈಗೆ ತೆಗೆದುಕೊಂಡು ಅಜ್ಜಿಯ ಹತ್ತಿರ ಓದಿಸಿಕೊಳ್ಳುವುದನ್ನು ನಾನು ಕಂಡಿದ್ದೇನೆ.

ದಾದರಿನ ಹಿಂದೂ ಕಾಲನಿಯಲ್ಲಿ ರಾಜಗೃಹ ಇದೆ. ಡಾ. ಅಂಬೇಡ್ಕರ್ ತಮ್ಮ ಪುಸ್ತಕಗಳಿಗೆ ಜಾಗ ಬೇಕೆಂದು ಕಟ್ಟಿಸಿದ ಮನೆ. ಮಹಾರಾಷ್ಟ್ರ ಸರ್ಕಾರ ಪ್ರತಿವರ್ಷ ಉತ್ತಮ ಗ್ರಂಥಾಲಯಕ್ಕೆ ಕೊಡುವ ಪ್ರಶಸ್ತಿ ಅವರ ಹೆಸರಿನಲ್ಲಿದೆ. ಉತ್ತಮ ಗ್ರಂಥಾಲಯ ಕಾರ್ಯಕರ್ತರಿಗೆ, ಸೇವಕರಿಗೆ ಕೊಡುವುದು ರಂಗನಾಥನ್ ಅವರ ಹೆಸರಿನಲ್ಲಿ. ಸಂಸ್ಥೆಗೆ ಒಂದು, ಮನುಷ್ಯರಿಗೆ ಒಂದು. ಈ ಎರಡನೆಯದನ್ನು ನಾವು ಮರೆಯುತ್ತೇವೆ.

ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಮೂರು ವಿನಂತಿ ಇಡುತ್ತೇನೆ. ಯುವ ಸದಸ್ಯರಲ್ಲಿ ಇಬ್ಬರನ್ನು ಈ ವರ್ಷವೇ ಗ್ರಂಥಾಲಯ ಪ್ರಮಾಣಪತ್ರ ತರಗತಿಗೆ ಕಳುಹಿಸಿ, ಅವರ ಶುಲ್ಕವನ್ನು ಸಂಘ ಕೊಡಲಿ. ಅವರಲ್ಲಿ ಒಬ್ಬರಿಗಾದರೂ ತಿಂಗಳ ಸಂಬಳ ನಿಗದಿ ಮಾಡಿ. ವಾರ್ಷಿಕೋತ್ಸವದ ಪೆಂಡಾಲಿನ ಖರ್ಚಿನಲ್ಲಿ ಒಂದು ಪಾಲು ಸಾಕು. ಮಾಟುಂಗಾ, ಠಾಣೆ, ಡೊಂಬಿವಲಿ, ವಾಶಿ ಕಡೆಯ ಸಂಘಗಳ ಪುಸ್ತಕ ವಿಭಾಗದವರನ್ನು ಒಂದು ಮಧ್ಯಾಹ್ನ ಇಲ್ಲಿಗೆ ಕರೆಯಿರಿ, ಯಾರಲ್ಲಿ ಏನಿದೆ ಎಂಬ ಒಂದೇ ಪಟ್ಟಿ ಮಾಡಲು ಶುರುಮಾಡೋಣ. ಚೀಲಗಳನ್ನು ಬಿಚ್ಚಿ ದಾಖಲಾತಿ ವಹಿ ಬರೆಯುವ ಕೆಲಸಕ್ಕೆ ನಾನು ಬರುತ್ತೇನೆ. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕೋಣೆಯ ಬೀಗದ ಕೈ ಕೊಟ್ಟರೆ ಸಾಕು. ಜೊತೆಗೆ ಕನ್ನಡ ಅಕ್ಷರ ದುಂಡಗೆ ಬರೆಯುವ ಇಬ್ಬರು, ಧೂಳಿಗೆ ಹೆದರದ ನಾಲ್ವರು ಬೇಕು. ಹೆಸರು ಕೊಡುವವರು ಕಾರ್ಯದರ್ಶಿಯವರ ಬಳಿ ಬರೆಸಿ ಹೋಗಿ.